ನನ್ನ ಬಿ ಖಾತಾ, ಮೂಲೆಯ ಛತ್ರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆ ಇರುವುದು ರೆವಿನ್ಯೂ ಸೈಟಿನಲ್ಲಿ. ಹಾಸನದ ಸಾಲಗಾಮೆ ರಸ್ತೆ ಕಡೆ, ಒಂದು ಕಾಲದ ಜೋಳದ ಹೊಲ. ಯಾರೋ ಜೆಸಿಬಿ ತಂದು ಮಣ್ಣಿನ ದಾರಿ ಮಾಡಿಸಿ, ಸುಣ್ಣ ಬಳಿದ ಕಲ್ಲು ನೆಟ್ಟು, 30x40 ಅಡಿ ಸೈಟು ಅಂತ ಮಾರಿದರು. ಭೂ ಪರಿವರ್ತನೆ ಇಲ್ಲ, ಲೇಔಟ್ ಮಂಜೂರಾತಿ ಇಲ್ಲ. ಅಪ್ಪ ಪಿಎಫ್ ದುಡ್ಡೆಲ್ಲ ಸುರಿದರು. "ಮುಂದೆ ಎಲ್ಲಾ ಸಕ್ರಮ ಆಗುತ್ತೆ ಬಿಡಿ ಸಾರ್" ಅಂದಿದ್ದ ಬ್ರೋಕರ್.

ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಪ್ಪ ಕಾಯುತ್ತಲೇ ಹೋದರು. 2025ರ ಫೆಬ್ರವರಿಯಲ್ಲಿ ನಮ್ಮಂಥ ಅನಧಿಕೃತ ಸ್ವತ್ತುಗಳಿಗೆ ಬಿ ಖಾತಾ ಕೊಡುವ ಅಭಿಯಾನ ಶುರುವಾದಾಗ ಫೈಲ್ ಹಿಡಿದು ಓಡಿದವರಲ್ಲಿ ನಾನೂ ಒಬ್ಬ. ಬಿ ಖಾತಾ ಸಿಕ್ಕರೆ ಮನೆ ಸಕ್ರಮ ಆದಂತಲ್ಲ, ತೆರಿಗೆ ಲೆಕ್ಕಕ್ಕೆ ಬಂತು ಅಷ್ಟೆ. ಆದರೂ ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದೆವು.

ಈಗ ಅದೇ ನಾನು ಇನ್ನೊಬ್ಬರ ವಿನಾಯಿತಿಗೆ ತಕರಾರು ಅರ್ಜಿ ಬರೆಯುತ್ತಿದ್ದೇನೆ.

ನಮ್ಮ ಬೀದಿ ಮೂಲೆಯಲ್ಲಿ 20 ಗುಂಟೆ ಖಾಲಿ ಜಾಗ ಇದೆ. ಮಾಸ್ಟರ್ ಪ್ಲಾನ್ ಪ್ರಕಾರ ವಸತಿ ವಲಯ. ಅದನ್ನು ವಾಣಿಜ್ಯಕ್ಕೆ ಬದಲಾಯಿಸಿಕೊಂಡು ಮದುವೆ ಛತ್ರ ಕಟ್ಟುತ್ತಾರಂತೆ. ಬೀದಿ ಹೆಸರಿಗೆ 20 ಅಡಿ. ಟೇಪ್ ಹಿಡಿದು ಅಳೆದೆ. ಚರಂಡಿ, ಲೈಟ್ ಕಂಬ, ನಿಂತ ಬೈಕು ಬಿಟ್ಟರೆ ಉಳಿಯುವುದು 13 ಅಡಿ. ಕಸದ ಗಾಡಿ ಈಗಲೇ ರಿವರ್ಸಿನಲ್ಲಿ ಬರುತ್ತದೆ. ಲಗ್ನದ ದಿನ ಬಸ್ಸು, ಬ್ಯಾಂಡ್‌ಸೆಟ್ಟು, ಅಡುಗೆಯವರ ಲಾರಿ ಎಲ್ಲಿ ನಿಲ್ಲಬೇಕು?

ವಲಯ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು, ಪೇಪರಿನಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು ಅನ್ನುತ್ತದೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ. ಕರೆದಿದ್ದಾರೆ, ಇಲ್ಲ ಅನ್ನಲ್ಲ. ಅಮ್ಮ ಶೆಲ್ಫಿಗೆ ಹಾಸೋಕೆ ತೆಗೆದ ಪೇಪರಿನಲ್ಲಿ ನನ್ನ ಕಣ್ಣಿಗೆ ಬಿತ್ತು. ಇರುವೆ ಸಾಲಿನಂಥ ಅಕ್ಷರ, ಒಂದು ಸರ್ವೆ ನಂಬರು, ಚಕ್ಕುಬಂದಿ. "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇತರರ ಸ್ವತ್ತು." ಆ ಇತರರು ನಾವು! ಜಾಗದಲ್ಲೇ ಒಂದು ಬೋರ್ಡ್ ನೆಟ್ಟಿದ್ದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಬಾಡಿಗೆ ಮನೆಗೇ ಬೋರ್ಡ್ ಹಾಕ್ತೀವಿ ಅಲ್ವಾ?

ಪಕ್ಕದ ಮನೆ ಮೇಷ್ಟ್ರು ನಕ್ಕರು. "ಅಲ್ಲಾ ಕಣಪ್ಪಾ, ನಿಂಗೊಂದು ನ್ಯಾಯ, ಅವರಿಗೊಂದು ನ್ಯಾಯನಾ?"

ಸುಮ್ನೆ ತಳ್ಳಿಹಾಕುವ ಮಾತಲ್ಲ. ನಾವೂ ಪಕ್ಕದಲ್ಲಿ ಬಿಡಬೇಕಾದಷ್ಟು ಜಾಗ ಬಿಟ್ಟಿಲ್ಲ. ನಮ್ಮ ಸಜ್ಜೆಯ ನೀರು ಮಳೆಗಾಲ ಪೂರ್ತಿ ಮೇಷ್ಟ್ರ ಕಾಂಪೌಂಡಿಗೇ ಬೀಳುತ್ತದೆ. ನಮಗೆ ಸಿಕ್ಕ ವಿನಾಯಿತಿಗೆ ಕಂದಾಯ ಕಟ್ಟಿದವರು ಅವರು ಅಂತ ಅವತ್ತೇ ಹೊಳೆದಿದ್ದು. ಹಾಗಾಗಿ ನಾನು ವಿನಾಯಿತಿಯೇ ಬೇಡ ಅನ್ನುವವನಲ್ಲ. ಹಳ್ಳಿಯಲ್ಲಿ ಅಣ್ಣತಮ್ಮಂದಿರು ಅರ್ಧ ಎಕರೆ ಭಾಗ ಮಾಡಿಕೊಳ್ಳೋಕೆ 11ಇ ನಕ್ಷೆ (ಭಾಗದ ಸರ್ವೆ ನಕ್ಷೆ), ಪೋಡಿ (ಭಾಗವನ್ನು ಸರ್ವೆಯಲ್ಲಿ ಬೇರೆ ಮಾಡಿಸುವುದು) ಅಂತ ಚಪ್ಪಲಿ ಸವೆಸುತ್ತಾರೆ, ಅವರಿಗೆ ಇನ್ನೂ ಸಲೀಸಾಗಲಿ. ಅಕ್ರಮ-ಸಕ್ರಮದಲ್ಲೂ ವಸತಿ ಕಟ್ಟಡದಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗಿನದನ್ನು ಮಾತ್ರ ಸಕ್ರಮ ಮಾಡಲು ಅವಕಾಶ ಇತ್ತು. ಮನೆ ಬೇರೆ, ವ್ಯಾಪಾರ ಬೇರೆ ಅಂತ ಸರ್ಕಾರಕ್ಕೂ ಗೊತ್ತು. ನಾನು ಕೇಳುತ್ತಿರುವುದು ಇಷ್ಟೇ: ವಿನಾಯಿತಿಯ ಭಾರ ಹೊರುವವರನ್ನು ಒಂದು ಮಾತು ಕೇಳಿ. ಯಾಕೆ ಕೊಟ್ಟಿರಿ ಅನ್ನುವುದನ್ನು ಬರೆದು ಕೊಡಿ.

ಅರ್ಜಿಗೆ 11 ಸಹಿ ಆಗಿವೆ. ಮೇಷ್ಟ್ರೂ ಹಾಕಿದರು, ಸಜ್ಜೆಗೆ ನಾನು ಪೈಪ್ ಹಾಕಿಸಿದ ಮೇಲೆ.