ಕರ್ನಾಟಕದೊಳಗಿನ ಪೌಂಡು

ನಮ್ಮ ಬಡಾವಣೆಯ ಸಂಘದ ನಿಯಮಾವಳಿಯನ್ನು 2004ರಲ್ಲಿ ಶಿವರಾಂಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಹೊಡೆಸಿ, ಸಿಡಿಗೆ ಹಾಕಿಸಿ, ಬೀರುವಿನಲ್ಲಿಟ್ಟು ನಿಶ್ಚಿಂತರಾಗಿದ್ದೆವು. ವಿಂಡೋಸ್ 10ರ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಸಂಘವು ಹೊಸ ಕಂಪ್ಯೂಟರ್ ಕೊಂಡಿತು. ಅದರಲ್ಲಿ ಹಳೆಯ ಕಡತವನ್ನು ತೆರೆದರೆ, ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇರಿಸಲಾಗಿತ್ತು; ಫಾಂಟು ಇಲ್ಲದ ಕಡೆ ಬಾಡಿಗೆದಾರರು ಮಾಯವಾಗಿ ಮನೆಯ ಮಾಲೀಕರೇ ಹೊರಗೆ ಬರುತ್ತಾರೆ. ‘ನ’ಕಾರಕ್ಕೆ ಸಿಕ್ಕ ಮನೆ ಬ್ರಿಟಿಷ್ ಪೌಂಡಿನದು. ಹೀಗಾಗಿ ‘ಕರ್ನಾಟಕ’ದ ನಟ್ಟನಡುವೆ ಇಂದಿಗೂ ಒಂದು ಪೌಂಡು ಕುಳಿತಿದೆ, ಶ್ರೀರಂಗಪಟ್ಟಣ ಬಿದ್ದು ಇನ್ನೂರು ವರ್ಷ ದಾಟಿದರೂ ಕಂಪನಿ ಸರ್ಕಾರ ಪೂರ್ತಿಯಾಗಿ ಹೋದಂತಿಲ್ಲ.

ನಿಯಮಾವಳಿಯನ್ನು ಸಲ್ಲಿಸಬೇಕಾದ ಸರ್ಕಾರಿ ಕಚೇರಿಯ ಜಾಲತಾಣಕ್ಕೆ ಯುನಿಕೋಡ್ ಪ್ರತಿಯೇ ಬೇಕಂತೆ; ಯುನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಜಾಗತಿಕ ಪದ್ಧತಿ. ಬೇಡವೆನ್ನಲು ನಾವು ಯಾರು? 1991ರ ಮೊದಲ ಆವೃತ್ತಿಯಲ್ಲಿಯೇ ಯುನಿಕೋಡ್ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದೆ, ನುಡಿಯೂ ಯುನಿಕೋಡ್ ಕಲಿತು ವರ್ಷಗಳಾಗಿವೆ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಕ್ಕೆ ಕಡತವನ್ನು ಉಣಿಸಿದೆವು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತದೆ, ಯುನಿಕೋಡಿನಲ್ಲಿ ಅದೇ ‘ರ್’ ಅಕ್ಷರದ ಮುಂದೆ ನಿಲ್ಲಬೇಕು. ಈ ಮುಂದುಹಿಂದಿನ ಗದ್ದಲದಲ್ಲಿ ನಮ್ಮ ಪರಿವರ್ತಕವು ಅರ್ಕಾವತ್ತನ್ನೇ ನುಂಗಿತು. ಕರ್ನಾಟಕದಲ್ಲಿ ಓದಲು ಉಳಿದದ್ದು ನಾಟಕವಷ್ಟೆ.

ಹಳೆಯ ತಂತ್ರಾಂಶವನ್ನೇ ಹೊಸ ಯಂತ್ರಕ್ಕೆ ಏರಿಸೋಣವೆಂದರೆ, ಅಂಗಡಿಯವರು ದುಡ್ಡು ಕೊಟ್ಟು ಕೊಂಡ ಪದಸಂಸ್ಕಾರಕಕ್ಕೆ ನಕಲು ತಡೆಯಲೆಂದು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೀಗವಿದೆ. ಹೊಸ ಯಂತ್ರದಲ್ಲಿ ಆ ಪೋರ್ಟೇ ಇಲ್ಲ. ರಸೀದಿಯೂ ಇದೆ, ಬೀಗವೂ ಇದೆ, ಬಾಗಿಲು ಮಾತ್ರ ಇಲ್ಲ. ಕದ್ದು ಬಳಸಿದವರಿಗೆ ಈ ತೊಂದರೆ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಬಾರದು.

ಕೊನೆಗೆ ಕಚೇರಿಗೇ ಹೋದೆ. ಸಾಹೇಬರ ಮೇಜಿನ ಮೇಲೆ ವಿಂಡೋಸ್ 11 ಹೊಳೆಯುತ್ತಿತ್ತು. ಮೂಲೆಯಲ್ಲಿ, ಹಣೆಗೆ ಆಯುಧಪೂಜೆಯ ಕುಂಕುಮವನ್ನು ಇನ್ನೂ ಉಳಿಸಿಕೊಂಡ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವೊಂದಿತ್ತು. 2014ರ ಏಪ್ರಿಲ್ 8ರಂದೇ ಅದನ್ನು ಹೆತ್ತವರು ಕೈಬಿಟ್ಟಿದ್ದರೂ ಕಚೇರಿ ಕೈಬಿಟ್ಟಿಲ್ಲ. ವೈರಸ್ ತಗಲದಿರಲೆಂದು ಇಂಟರ್‌ನೆಟ್ ತಂತಿ ಕಿತ್ತಿದ್ದಾರೆ, ಹೊರಗಿನ ಪೆನ್‌ಡ್ರೈವ್ ಮುಟ್ಟಿಸುವಂತಿಲ್ಲ. ಅದು ಅಪ್ಪಟ ಮಡಿ ಕಂಪ್ಯೂಟರ್.

“ಸಾಫ್ಟ್ ಕಾಪಿ ಬೇಡ ಸಾರ್, ಪ್ರಿಂಟ್ ಕೊಡಿ, ನಾನೇ ಹೊಡ್ಕೊತೀನಿ” ಎಂದರು ಆಪರೇಟರ್. 2004ರ ಮುದ್ರಿತ ಪ್ರತಿಯನ್ನು ಕೊಟ್ಟೆ. ಹದಿನಾಲ್ಕು ಪುಟಗಳನ್ನು ಒಂದು ತಪ್ಪಿಲ್ಲದೆ ಹೊಡೆದು, ಸೇವ್ ಮಾಡಿ, ಪರದೆಯನ್ನು ನನ್ನತ್ತ ತಿರುಗಿಸಿದರು.

“ಯುನಿಕೋಡ್ ತಾನೇ?” ಎಂದೆ.

“ಹಳೇ ಫಾಂಟಲ್ಲೇ ಹೊಡ್ದಿದೀನಿ ಸಾರ್. ಇಲ್ಲಾಂದ್ರೆ ನಮ್ ಮಿಷಿನ್ನಲ್ಲಿ ಓಪನ್ ಆಗಲ್ಲ.”