ನಾಲ್ಕನೇ ಕಾಲಂ ಅಂದ್ರೆ ಐದನೇದಂತೆ!

ಹೇಳದೆ ಕೇಳದೆ ಡೇಟಾಬೇಸ್ ಟೇಬಲ್ಲಿನ ಕಾಲಂ ಬದಲಾಯಿಸುವ ಪುಣ್ಯಾತ್ಮರಿಗೆಲ್ಲ ದೊಡ್ಡ ನಮಸ್ಕಾರ.

ದಾವಣಗೆರೆಯ ಒಂದು ಮೆಕ್ಕೆಜೋಳದ ಮಂಡಿಯ ಡೇಟಾಬೇಸ್ ನೋಡಿಕೊಳ್ಳೋದು ನನ್ನ ಕೆಲಸ. ಮಂಡಿಯಲ್ಲಿ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸಿನ ಸರ್ವರ್, ಆಫೀಸಿನಲ್ಲಿ ಅದರ ರೆಪ್ಲಿಕಾ, ಅಂದ್ರೆ ಅಲ್ಲಿ ಆದದ್ದೆಲ್ಲ ತಾನೇ ಬಂದು ಸೇರುವ ನಕಲು. ರಿಪೋರ್ಟೆಲ್ಲ ರೆಪ್ಲಿಕಾದಿಂದಲೇ ತೆಗೀತಾರೆ. ಮೊನ್ನೆ ಸಂಜೆ ಮಂಡಕ್ಕಿ-ಮಿರ್ಚಿ ತಟ್ಟೆ ಕೈಗೆ ಬಂದಿತ್ತು ಅಷ್ಟೇ, ಗುಮಾಸ್ತರ ಫೋನು. "ಏನ್ ಸರ್, ಮಧ್ಯಾಹ್ನದಿಂದ ಒಂದು ಬಿಲ್ಲೂ ಕಾಣ್ತಿಲ್ಲ. ಸಾವ್ಕಾರ್ರು ಬಯ್ತಿದ್ದಾರೆ."

ಹೋಗಿ ನೋಡಿದರೆ ರೆಪ್ಲಿಕೇಶನ್, ಅಂದ್ರೆ ಆ ನಕಲು ಆಗೋ ಕೆಲಸ, ನಿಂತಿದೆ. ಎರರ್ 1677. ಕಾಲಂ 4 ಬಿಗ್‌ಇಂಟ್‌ನಿಂದ ಇಂಟ್‌ಗೆ ಬದಲಾಗಲ್ಲ ಅಂತ. ಎರಡೂ ಪೂರ್ಣಾಂಕ ಇಡೋ ಕಾಲಂ ಬಗೆಗಳೇ, ಬಿಗ್‌ಇಂಟ್‌ನಲ್ಲಿ ಇನ್ನೂ ದೊಡ್ಡ ನಂಬರ್ ಹಿಡಿಸುತ್ತೆ. ನಾಲ್ಕನೇ ಕಾಲಂ ಖರೀದಿದಾರರ ಕೋಡ್. ಎರಡೂ ಕಡೆ ಇಂಟ್. ಮತ್ತೆ ನೋಡಿದೆ, ಆಗಲೂ ಇಂಟ್. ಮುಕ್ಕಾಲು ಗಂಟೆ ಕಣ್ಣು ಉಜ್ಜಿಕೊಂಡ ಮೇಲೆ ಹೊಳೀತು, ಈ ಮೈಎಸ್‌ಕ್ಯೂಎಲ್ ಮಹಾರಾಯ ಇಲ್ಲಿ ಕಾಲಂ ಎಣಿಸೋದು ಸೊನ್ನೆಯಿಂದ! ಅದರ 4 ಅಂದ್ರೆ ನಮ್ಮ ಐದನೇದು. ಬಿಲ್ ನಂಬರ್.

ಆಗಿದ್ದೇನಪ್ಪಾ ಅಂದ್ರೆ, ಸಾಫ್ಟ್‌ವೇರ್ ಹುಡುಗನಿಗೆ ಬಿಲ್ ನಂಬರಿನ ಮುಂದೆ ವರ್ಷ ಸೇರಿಸುವ ಆಸೆ. 26-27ನೇ ಸಾಲಿನ ಮೊದಲ ಬಿಲ್ಲಿಗೆ 2627000001 ಅಂತ. ಇಂಟ್‌ನಲ್ಲಿ 2147483647 ದಾಟಿದರೆ ಹಿಡಿಸಲ್ಲ. ಬಿಗ್‌ಇಂಟ್ ಮಾಡಿದ. ಮಾಡಬೇಕಾದ್ದೇ, ತಪ್ಪಿಲ್ಲ. ಆದರೆ ಬೈನರಿ ಲಾಗ್, ಅಂದ್ರೆ ರೆಪ್ಲಿಕಾ ಓದಿಕೊಳ್ಳಲಿ ಅಂತ ಬದಲಾವಣೆಗಳನ್ನೆಲ್ಲ ಬರೆದಿಡುವ ದಾಖಲೆ, ಅದನ್ನ ಆಫ್ ಮಾಡಿಕೊಂಡು ಮಾಡಿದ! ಲಾಗಿಗೆ ಬೀಳದ್ದು ರೆಪ್ಲಿಕಾಗೆ ಹೇಗೆ ಗೊತ್ತಾಗಬೇಕು? ಕನಸು ಬೀಳುತ್ತಾ?

ಫೋನ್ ಮಾಡಿದರೆ ಉಪದೇಶ ಬೇರೆ. "ರೆಪ್ಲಿಕಾದಲ್ಲಿ ಟೈಪ್ ಕನ್ವರ್ಷನ್ನು ಆಲ್ ಲಾಸಿ ಅಂತ ಹಾಕಿಬಿಡಿ ಸರ್, ಓಡುತ್ತೆ." ಓಡುತ್ತಪ್ಪಾ. ಹಿಡಿಸದ ನಂಬರನ್ನೆಲ್ಲ 2147483647 ಮಾಡಿ ಕೂರಿಸಿಕೊಂಡು ಚೆನ್ನಾಗಿ ಓಡುತ್ತೆ. ಹೊಸ ಬಿಲ್ಲಿಗೆಲ್ಲ ಒಂದೇ ನಂಬರ್! ಸಾವ್ಕಾರ್ರಿಗೆ ನೀನೇ ಬಂದು ಹೇಳ್ತೀಯಾ? ಇನ್ನೊಬ್ಬರು "ಸುಮ್ನೆ ಸಿಕ್ಕಿಕೊಂಡಿರೋ ಆ ಒಂದು ಎಂಟ್ರಿ ಸ್ಕಿಪ್ ಮಾಡಿ" ಅಂದರು. ಆ ಒಂದು ಅಂದ್ರೆ ಯಾರೋ ರೈತರ ಒಂದು ಲೋಡು ಜೋಳ ರೀ. ಸ್ಕಿಪ್ ಮಾಡಿದರೂ ಅದರ ಮುಂದಿನ ಬಿಲ್ಲು ಅಲ್ಲೇ ಬಂದು ನಿಲ್ಲುತ್ತೆ.

ಕೊನೆಗೆ ರೆಪ್ಲಿಕಾ ನಿಲ್ಲಿಸಿ, ಅಲ್ಲೂ ಆ ಕಾಲಂ ಬಿಗ್‌ಇಂಟ್ ಮಾಡಿ, ಮತ್ತೆ ಶುರು ಮಾಡಿದೆ. ನಿಂತಲ್ಲಿಂದ ತಾನೇ ಎತ್ತಿಕೊಂಡು ಹೋಯ್ತು. ಎರಡು ನಿಮಿಷದ ಕೆಲಸ. ಮಿರ್ಚಿ ಮಾತ್ರ ತಣ್ಣಗಾಗಿ ಮೆತ್ತಗಾಗಿತ್ತು.

ರಾತ್ರಿ ಹತ್ತಕ್ಕೆ ಆ ಹುಡುಗನ ಮೆಸೇಜು. "ಸರಿಹೋಯ್ತಾ ಸರ್? ನಮ್ಮ ಕಡೆಯಿಂದ ಏನೂ ತೊಂದರೆ ಇರಲಿಲ್ಲ ಅಂತ ಸಾವ್ಕಾರ್ರಿಗೆ ಹೇಳಿದ್ದೀನಿ."