ಎಲ್ಲ ಇದೆ, ಕಿಡಿಯೊಂದಿಲ್ಲ

ನನ್ನ ಪಿಕಪ್ ಟ್ರಕ್ಕಿನ ಎಂಜಿನ್ ಬದಲಿಸಿ ಮುಗಿದಾಗ ಕೈಯಲ್ಲಿ ನಾಲ್ಕು ಬೋಲ್ಟು ಉಳಿದಿದ್ದವು. ಕಡಿಮೆ ಬಿದ್ದಿದ್ದರೆ ಹೆದರಬೇಕಿತ್ತು, ಉಳಿದರೆ ಲಾಭವೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಅವುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಕೈ ಒರೆಸಿಕೊಂಡು, ಮನೆಮಂದಿಯನ್ನೆಲ್ಲ ಹೊರಗೆ ಕರೆದು ನಿಲ್ಲಿಸಿ, ಕೀಲಿ ತಿರುಗಿಸಿದೆ. ಸ್ಟಾರ್ಟರ್ ಹುರುಪಿನಿಂದ ತಿರುಗಿತು. ಅದರ ಜೊತೆ ಎಂಜಿನ್ನೂ ತಿರುಗಿತು. ಅಷ್ಟೇ. ಕೆಮ್ಮಲಿಲ್ಲ, ಸೀನಲಿಲ್ಲ, ಸೈಲೆನ್ಸರಿನಿಂದ ಒಂದು ಹುಸಿ ಢಂ ಎನ್ನುವ ಸದ್ದೂ ಇಲ್ಲ. ಮಗಳು "ಆಯಿತಾ ಅಪ್ಪಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

"ಹಳೆಯ ಎಂಜಿನ್ನಿಗೆ ಏನಾಗಿತ್ತು?" ಎಂದು ಹೆಂಡತಿ ಕೇಳಿದಳು.

"ಹೊಗೆ ಬಿಡುತ್ತಿತ್ತು."

"ಹೊಗೆ ಬಿಡುತ್ತಾ ಓಡುತ್ತಿತ್ತಲ್ಲ," ಎಂದಳು. ಇಂಥ ಮಾತಿಗೆ ಉತ್ತರ ಕೊಡಬಾರದು.

ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿಯೇ ಹಾರುತ್ತಿಲ್ಲವೆಂದು ನನ್ನ ಗುಮಾನಿ. ವಿಷಯ ತಿಳಿದ ನೆಂಟರೊಬ್ಬರು ಫೋನಿನಲ್ಲಿ "ಟ್ರಕ್ಕಿಗೆ ಎಲ್ಲಿಯ ಸ್ಪಾರ್ಕ್ ಪ್ಲಗ್ಗಯ್ಯಾ!" ಎಂದು ನಕ್ಕರು. ಡೀಸೆಲ್ ಟ್ರಕ್ಕಿನ ಮಟ್ಟಿಗೆ ಅದು ನಿಜ. ಅಲ್ಲಿ ಸಿಲಿಂಡರಿನೊಳಗೆ ಗಾಳಿಯನ್ನು ಹಿಂಡಿ ಹಿಂಡಿ, ಅದರ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ, ಕಿಡಿಯ ಹಂಗಿಲ್ಲ. ನನ್ನದು ಆರು ಸಿಲಿಂಡರಿನ ಹಳೆಯ ಪೆಟ್ರೋಲ್ ಪಿಕಪ್. ಅದಕ್ಕೆ ಕಿಡಿ ಬೇಕು, ಅದೂ ಧಾರಾಳವಾಗಿ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 150 ಕಿಡಿ. ನನಗೆ ಬೇಕಿದ್ದದ್ದು ಒಂದೇ ಒಂದು.

ಪರೀಕ್ಷೆ ಸುಲಭ. ಪ್ಲಗ್ಗಿನ ಒಂದು ವೈರ್ ಕಿತ್ತು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯಬೇಕು. ಇನ್ನೊಬ್ಬರು ಕೀಲಿ ತಿರುಗಿಸಬೇಕು. ಮೊದಲ ದಿನ ದಪ್ಪ ರಬ್ಬರಿನ ಕೈಗವಸು ಹಾಕಿ, ಇಕ್ಕಳದಲ್ಲಿ ಹಿಡಿದು, ಮುಖ ಅತ್ತ ತಿರುಗಿಸಿ "ಹಾಕು!" ಎಂದೆ. ಹೆಂಡತಿ ಕೀಲಿ ತಿರುಗಿಸಿದಳು. ಕಿಡಿ ಇಲ್ಲ. ಹಗಲಿನಲ್ಲಿ ಕಾಣಲಿಕ್ಕಿಲ್ಲವೆಂದು ರಾತ್ರಿ ದೀಪ ಆರಿಸಿ ನೋಡಿದೆವು. ಕತ್ತಲು ಚೆನ್ನಾಗಿ ಕಂಡಿತು. ಎರಡನೆಯ ದಿನ ಕೈಗವಸು ಬಿಟ್ಟೆ. ಮೂರನೆಯ ದಿನ ಇಕ್ಕಳವನ್ನೂ ಬಿಟ್ಟು ಬರಿಗೈಯಲ್ಲಿ ಪ್ಲಗ್ ಹಿಡಿದು, ಇನ್ನೊಂದು ಕೈಯನ್ನು ಮಡ್‌ಗಾರ್ಡಿನ ಮೇಲೆ ಊರಿ ಆರಾಮವಾಗಿ ನಿಲ್ಲತೊಡಗಿದೆ. ಬಾರದ ಕರೆಂಟಿಗೆ ಎಷ್ಟು ದಿನವೆಂದು ಹೆದರುವುದು?

ಏನು ಕೆಟ್ಟಿದೆಯೆಂದು ತಿಳಿಯದವನು ಮಾಡುವ ಕೆಲಸವನ್ನು ನಾನೂ ಮಾಡಿದೆ: ಒಂದೊಂದೇ ಹೊಸ ಸಾಮಾನು ತಂದೆ. ಹೊಸ ಕಾಯಿಲ್. ಕಿಡಿಯ ಕರೆಂಟನ್ನು ಸರದಿಯಂತೆ ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೊಸ ಕ್ಯಾಪ್, ಅದರೊಳಗೆ ಹೊಸ ರೋಟರ್. ಹೊಸ ಪ್ಲಗ್ಗು ಆರು, ಹೊಸ ವೈರು ಆರು. ಎಂಜಿನ್ ಮಾತ್ರ ಹಳೆಯ ಮೌನವನ್ನೇ ಹಿಡಿದು ಕೂತಿತ್ತು. ಪಕ್ಕದ ಮನೆಯ ಹಿರಿಯರು ಬಂದು ಬಾನೆಟ್ಟಿನೊಳಗೆ ಬಗ್ಗಿ, "ಫೈರಿಂಗ್ ಆರ್ಡರ್ ಸರಿ ಇದೆಯೇನಪ್ಪಾ?" ಎಂದರು. 1-5-3-6-2-4 ಎಂದು ಇಬ್ಬರೂ ಬೆರಳಿಟ್ಟು ಎಣಿಸಿದೆವು. ಡಿಸ್ಟ್ರಿಬ್ಯೂಟರ್ ಸುತ್ತುವುದು ಎಡಕ್ಕೋ ಬಲಕ್ಕೋ ಎಂದು ಮುಕ್ಕಾಲು ಗಂಟೆ ವಾದ ಮಾಡಿದೆವು. ಯಾವ ಸಿಲಿಂಡರಿಗೂ ಕಿಡಿಯೇ ಇಲ್ಲದಿರುವಾಗ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಚರ್ಚೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಸ್ಪಾನರ್ ಹಿಡಿದೂ ಮಾಡಬಹುದೆಂದು ಅಂದೇ ತಿಳಿದದ್ದು.

ಸಾಮಾನು ತರುವ ಹಣ ಮುಗಿದ ಮೇಲೆ ಯೋಚಿಸುವ ಕೆಲಸ ಶುರುವಾಯಿತು. ಕಾಯಿಲ್ಲಿನ ಸ್ವಭಾವ ವಿಚಿತ್ರ. ಅದರೊಳಗೆ ಎರಡು ಸುರುಳಿ. ಕಡಿಮೆ ಸುತ್ತಿನದಕ್ಕೆ ಬ್ಯಾಟರಿಯ 12 ವೋಲ್ಟು ಹರಿಯುತ್ತದೆ. ಹರಿಯುವಷ್ಟು ಹೊತ್ತು ಏನೂ ಆಗುವುದಿಲ್ಲ. ಹರಿಯುವುದನ್ನು ಥಟ್ಟನೆ ಕಿತ್ತುಕೊಂಡಾಗ, ಅಲ್ಲಿ ಕಟ್ಟಿಕೊಂಡಿದ್ದ ಕಾಂತಕ್ಷೇತ್ರ ಕುಸಿದು, ಸಾವಿರಾರು ಸುತ್ತಿನ ಎರಡನೆಯ ಸುರುಳಿಯಲ್ಲಿ ಹತ್ತಾರು ಸಾವಿರ ವೋಲ್ಟು ಸಿಡಿಯುತ್ತದೆ. ಕೊಟ್ಟಾಗ ಸುಮ್ಮನಿದ್ದು, ಕಿತ್ತುಕೊಂಡಾಗ ಸಿಡುಕುವ ಜಾತಿ ಅದು. ನಮ್ಮ ಮನೆಯಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರದೂ ಇದೇ ಗುಣ, ಟಿವಿ ರಿಮೋಟಿನ ವಿಷಯದಲ್ಲಿ. ಹೀಗೆ ಕೊಟ್ಟು ಕಿತ್ತುಕೊಳ್ಳುವ ಕೆಲಸ ಇಗ್ನಿಷನ್ ಮಾಡ್ಯೂಲ್ ಎಂಬ ಅಂಗೈಯಗಲದ ಪೆಟ್ಟಿಗೆಯದು. ಯಾವಾಗ ಕಿತ್ತುಕೊಳ್ಳಬೇಕೆಂಬ ಸನ್ನೆ ಡಿಸ್ಟ್ರಿಬ್ಯೂಟರಿನೊಳಗಿನ ಪಿಕಪ್ ಕಾಯಿಲ್ಲಿನಿಂದ ಬರುತ್ತದೆ.

ಕಾಯಿಲ್ಲಿನ ಮೈನಸ್ ಬದಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಎಂಜಿನ್ ತಿರುಗುವಾಗ ಅದು ಪಕಪಕನೆ ಮಿನುಗಬೇಕು. ಒಂದೇ ಸಮನೆ ಉರಿಯಿತು. ಅಂದರೆ ಕಿತ್ತುಕೊಳ್ಳುವವನು ಕೆಲಸಕ್ಕೇ ಬಂದಿಲ್ಲ. ಪಿಕಪ್ ಕಾಯಿಲ್ ಅಳೆದೆ, ಕೆಲವು ನೂರು ಓಮ್, ಸರಿಯಾಗಿದೆ. ಮಾಡ್ಯೂಲಿಗೆ ವೋಲ್ಟು ಬರುತ್ತಿದೆಯೇ? ಮಲ್ಟಿಮೀಟರಿನ ಕೆಂಪು ಕಡ್ಡಿ ಮಾಡ್ಯೂಲಿನ ವೈರಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ: 12.4. ಅದೂ ಸರಿಯಾಗಿದೆ. ಮೂರು ದಿನ ಇದನ್ನೇ ಅಳೆದೆ, ಮೂರು ದಿನವೂ 12.4 ಬಂತು. ಎಲ್ಲವೂ ಸರಿಯಿದ್ದು ಏನೂ ನಡೆಯದಿರುವುದು ಕಚೇರಿಗಳಲ್ಲಿ ಮಾತ್ರ ಎಂದುಕೊಂಡಿದ್ದೆ.

ನಾಲ್ಕನೆಯ ದಿನ ಕಪ್ಪು ಕಡ್ಡಿ ಬ್ಯಾಟರಿಯವರೆಗೆ ಎಟುಕಲಿಲ್ಲ. ಅದರ ವೈರ್ ಎಲ್ಲೋ ಸಿಕ್ಕಿಕೊಂಡಿತ್ತು. ಬಿಡಿಸುವ ಸೋಮಾರಿತನಕ್ಕೆ ಹತ್ತಿರವೇ ಇದ್ದ ಮಾಡ್ಯೂಲಿನ ಲೋಹದ ಮೈಗೆ ಒತ್ತಿದೆ. ಮೀಟರ್ ಸೊನ್ನೆ ತೋರಿಸಿತು. ಮೀಟರೂ ಕೈಕೊಟ್ಟಿತೆಂದು ಅದರ 9 ವೋಲ್ಟಿನ ಬ್ಯಾಟರಿ ಬದಲಿಸಿದೆ. ಆಗಲೂ ಸೊನ್ನೆ. ಮೀಟರಿಗೆ ಎರಡು ತಟ್ಟಿದೆ. ತಟ್ಟುತ್ತಿದ್ದ ಕೈ ಅಲ್ಲೇ ನಿಂತಿತು.

ಆ ಪೆಟ್ಟಿಗೆಗೆ ಕರೆಂಟ್ ತರುವ ವೈರ್ ಇದೆ, ಹಿಂದಿರುಗಿಸುವ ವೈರ್ ಇಲ್ಲ. ಅದರ ಮೈಯೇ ಅದರ ಅರ್ತ್. ಬೋಲ್ಟು ಹಾಕಿ ಗಾಡಿಯ ತಗಡಿಗೆ ಬಿಗಿದರೆ, ತಗಡಿನ ಮೂಲಕವೇ ಬ್ಯಾಟರಿಗೆ ದಾರಿ. ಈ ತಗಡಿನ ಬಗ್ಗೆ ಒಂದು ಮಾತು ಹೇಳಿಕೊಳ್ಳಬೇಕು. ಹಳೆಯ ಎಂಜಿನ್ ಹೊರಬಿದ್ದು ಜಾಗ ಖಾಲಿಯಾದಾಗ, ಇಷ್ಟು ವಿಶಾಲವಾಗಿ ಮತ್ತೆಂದೂ ಸಿಗದೆಂದು, ಒಳಭಾಗವನ್ನೆಲ್ಲ ಉಜ್ಜಿ ತೊಳೆದು ನೀಲಿ ಬಣ್ಣ ಬಳಿದಿದ್ದೆ. ಒಂದಲ್ಲ, ಮೂರು ಕೋಟು. ಕನ್ನಡಿಯಂತೆ ಹೊಳೆಯುತ್ತಿತ್ತು. ಮಾಡ್ಯೂಲ್ ಬಿಗಿಯುವಾಗ ಅಷ್ಟು ಚಂದದ ಬಣ್ಣ ಕೆರೆದುಹೋದೀತೆಂದು ಬೋಲ್ಟಿನ ತಲೆಯಡಿಗೆ ಪ್ಲಾಸ್ಟಿಕ್ ವಾಷರ್ ಇಟ್ಟಿದ್ದೆ, ಪೆಟ್ಟಿಗೆಯ ಹಿಂದೆ ತೆಳ್ಳನೆಯ ರಬ್ಬರಿನ ತುಂಡನ್ನೂ. ಆ ವಾಷರುಗಳನ್ನು ಹುಡುಕಲು ಒಂದು ಮಧ್ಯಾಹ್ನವೇ ಹಿಡಿದಿತ್ತು. ಡಬ್ಬಿಯಲ್ಲಿದ್ದ ನಾಲ್ಕು ಬೋಲ್ಟು ಪಾಪ, ನಿರಪರಾಧಿಗಳು.

ಉಪ್ಪುಕಾಗದ ತಂದು, ಪೆಟ್ಟಿಗೆ ಕೂರುವ ಜಾಗದಲ್ಲಿ ಬಣ್ಣ ಉಜ್ಜಿದೆ. ಮೂರು ಕೋಟು ಒಂದೊಂದಾಗಿ ಎದ್ದು, ಬೆಳ್ಳನೆಯ ತಗಡು ಕಾಣಿಸಿತು. ಬಳಿದವನೇ ಕೆರೆಯಬೇಕಾದಾಗ ಆಗುವ ಸಂಕಟ ಬಳಿದವನಿಗೇ ಗೊತ್ತು. ರಬ್ಬರ್, ಪ್ಲಾಸ್ಟಿಕ್ ಎಸೆದು, ಲೋಹಕ್ಕೆ ಲೋಹ ಸೇರಿಸಿ ಬಿಗಿದೆ. ಮೀಟರ್ ಈಗ 12.4 ಎಂದಿತು. ಹೆಂಡತಿಯನ್ನು ಕರೆದೆ. ಅವಳು ನಿಟ್ಟುಸಿರು ಬಿಟ್ಟು ಸೀಟಿನಲ್ಲಿ ಕುಳಿತಳು. ನಾನು ರೂಢಿಯಂತೆ ಬರಿಗೈಯಲ್ಲಿ ಪ್ಲಗ್ ಹಿಡಿದು, ಇನ್ನೊಂದು ಕೈ ಮಡ್‌ಗಾರ್ಡಿನ ಮೇಲೂರಿ "ಹಾಕು" ಎಂದೆ.

ನಾನು ಹೇಗೆ ಹಾರಿದೆನೆಂದು ನನಗೆ ನೆನಪಿಲ್ಲ. ತಲೆ ಬಾನೆಟ್ಟಿಗೆ ಬಡಿದದ್ದು, ಪ್ಲಗ್ ಎತ್ತಲೋ ಚಿಮ್ಮಿದ್ದು, ಮೊಣಕೈವರೆಗೆ ಯಾರೋ ಕೋಲಿನಿಂದ ಹೊಡೆದಂತಾದದ್ದು ನೆನಪಿದೆ. ಹೆಂಡತಿ ಗಾಬರಿಯಾಗಿ "ರೀ, ಏನಾಯಿತು?" ಎಂದು ಇಳಿದು ಬಂದಳು. ನಾನು ನೆಲದ ಮೇಲೆ ಕುಳಿತಲ್ಲಿಂದಲೇ ಎರಡೂ ಕೈ ಎತ್ತಿ ಕೂಗಿದೆ:

"ಕರೆಂಟ್ ಬಂತು! ಕರೆಂಟ್ ಬಂತು!"

ಒಳಗಿನಿಂದ ಅಮ್ಮನ ದನಿ ಕೇಳಿಸಿತು: "ಹೋದದ್ದು ಯಾವಾಗಲೋ?"